ಆ ಪ್ರೋಗ್ರಾಂ ನಿಲ್ಲಿಸಬೇಡಿ

"ಅದನ್ನ ಮುಟ್ಬೇಡಿ!"

ಆ ಕೂಗಿಗೆ ಅವಳ ಬೆರಳು ಕೀಬೋರ್ಡಿನ ಮೇಲೆಯೇ ನಿಂತಿತು. ತಿರುಗಿ ನೋಡಿದರೆ, ಬಾಗಿಲಲ್ಲಿ ರಕ್ತನಿಧಿಯ ಮೇಲ್ವಿಚಾರಕ. ದೆವ್ವ ಕಂಡವನಂತೆ ಬಿಳಿಚಿಕೊಂಡಿದ್ದ.

"ಹಳೇ ಪ್ರೋಗ್ರಾಂ ನಿಲ್ಲಿಸದೆ ಹೊಸದನ್ನ ಹೇಗ್ರೀ ಓಡಿಸ್ಲಿ?"

"ಹೊಸದು ಮೊದಲು ಪೂರ್ತಿ ಆಗ್ಲಿ. ಅಲ್ಲೀವರೆಗೂ... ದಯವಿಟ್ಟು."

ಆ ಕಣ್ಣುಗಳ ನೋವು ಅವಳ ಎದೆಗೆ ನಾಟಿತು.

ಆಸ್ಪತ್ರೆಗಳು ಕಳಿಸುವ ಸಂದೇಶಗಳೆಲ್ಲ ಒಂದೇ ಕಡೆ ಬಂದು ಬೀಳುತ್ತಿದ್ದವು. ಪ್ರತಿಯೊಂದನ್ನೂ ತೆರೆದು, ಯಾವ ಗುಂಪಿನ ರಕ್ತ ಬೇಕೆಂದು ನೋಡಿ, ಅದು ಸಿಗುವ ಶಾಖೆಗೆ ದಾಟಿಸುವ ಪುಟ್ಟ ಜಾವಾ ಪ್ರೋಗ್ರಾಂ ಬರೆಯಲು ಅವಳನ್ನು ಕರೆಸಿದ್ದರು. ಹಳೆಯದು ಇತ್ತೀಚೆಗೆ ಮುಗ್ಗರಿಸುತ್ತಿತ್ತು.

ಅವನು ಚಹಾ ತಂದಿಡುತ್ತಿದ್ದ. ಬರೆದದ್ದನ್ನು ಕಂಪೈಲ್ ಮಾಡಿದಾಗ ತೆರೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು ಬಂದರೆ, "ಇದಕ್ಕೆ ಯಾವ ಗುಂಪು ಕೊಡೋಣ?" ಎಂದು ನಗಿಸುತ್ತಿದ್ದ. ಅವಳಿಗೇ ತಿಳಿಯದಂತೆ ಮನಸ್ಸು ಅವನತ್ತ ವಾಲಿತ್ತು.

ಆದರೆ ಮಧ್ಯಾಹ್ನವಾದರೆ ಸಾಕು... ಹಳೆಯ ಪ್ರೋಗ್ರಾಂ ಓಡುವ ಕಂಪ್ಯೂಟರಿನಲ್ಲಿ ಒಂದು ಸಾಲು ಮೂಡುತ್ತಿತ್ತು.

'ಊಟ ಆಯ್ತಾ ಪುಟ್ಟಾ?'

ಅವನು ಅದರೆದುರು ನಿಂತು, ತುಟಿ ಅಲುಗಿಸಿ ಏನೋ ಉತ್ತರ ಹೇಳುತ್ತಿದ್ದ. ಆಗ ಆ ಕೋಣೆಯಲ್ಲಿ ಮೂರನೆಯವರು ಯಾರೋ ಇದ್ದಂತೆ ಅವಳಿಗೆ ಅನಿಸುತ್ತಿತ್ತು.

'ಯಾರಿವಳು? ಇಷ್ಟು ಸಲಿಗೆ ಇರೋಳು...'

ಕೇಳಲು ಬಾಯಿ ಬರಲಿಲ್ಲ. ಕೆಲಸ ಮುಗಿಸಿ ಹೊರಟುಬಿಡುವುದೇ ಸರಿ ಎಂದುಕೊಂಡಳು.

ಕೊನೆಗೊಂದು ಮಧ್ಯಾಹ್ನ ಕೆಂಪು ಸಾಲುಗಳಿಲ್ಲದೆ ಪ್ರೋಗ್ರಾಂ ಸಿದ್ಧವಾಯಿತು. ಓಡಿಸಿದಳು. ಹೊಸ ಪ್ರೋಗ್ರಾಂ ಸುಮ್ಮನೆ ಕಾಯುತ್ತಾ ಕುಳಿತಿತು!

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್. ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಸಂದೇಶ ಕಳಿಸಿ ಆಗಲೇ ಹೊತ್ತಾಗಿದೆ... ರಕ್ತ ಎಲ್ಲಿ?

"ಹಳೇದು ಆ ಸಂದೇಶ ಹಿಡ್ಕೊಂಡು ಸಿಕ್ಕಾಕೊಂಡಿದೆ," ಎಂದಳು. "ಅದನ್ನ ನಿಲ್ಲಿಸಿದ್ರೇನೇ ಹೊಸದಕ್ಕೆ ಸಿಗೋದು."

ಅವನು ಕದಲಲಿಲ್ಲ.

"ನಿಮಗೆ ದಿನಾ ಊಟ ಕೇಳೋ ಅವಳ ಮಾತು ಮುಖ್ಯಾನಾ, ಆ ತಾಯಿ ಜೀವ ಮುಖ್ಯಾನಾ?"

"ಅವಳು... ನಮ್ಮಕ್ಕ ಕಣ್ರೀ. ಇದನ್ನ ಬರೆದವಳು. ಪ್ರೋಗ್ರಾಂ ಓಡ್ತಿದೆಯಾ ಅಂತ ಪರೀಕ್ಷೆಗೆ, ದಿನಾ ಮಧ್ಯಾಹ್ನ ಬರೋ ಹಾಗೆ ಆ ಸಾಲು ಹಾಕಿದ್ಲು. ಅವಳು ಹೋದ್ಮೇಲೂ... ಅದು ನಿಲ್ಲಲೇ ಇಲ್ಲ."

'ಅಯ್ಯೋ... ಸತ್ತವಳ ಮೇಲೆ ಹೊಟ್ಟೆ ಉರ್ಕೊಂಡೆನಾ ನಾನು!'

ಅವನೇ ಮುಂದೆ ಬಂದ. ಹಳೆಯದನ್ನು ನಿಲ್ಲಿಸಿದ. ತೆರೆ ಕಪ್ಪಾಯಿತು.

ಮರುಕ್ಷಣ ಹೊಸ ಪ್ರೋಗ್ರಾಂ ಸಂದೇಶವನ್ನು ಎತ್ತಿಕೊಂಡು ಶಾಖೆಗೆ ದಾಟಿಸಿತು. ರಕ್ತ ಹೊರಟಿತು.

ಸಂಜೆ ಸುದ್ದಿ ಬಂತು. ತಾಯಿ ಕಣ್ಣು ಬಿಟ್ಟಿದ್ದಳು.

"ಅಕ್ಕನ ಸಾಲು ಹೊಸದ್ರಲ್ಲೂ ಹಾಕ್ಲಾ?" ಮೆಲ್ಲಗೆ ಕೇಳಿದಳು.

"ಬೇಡ. ಅವಳನ್ನ ಹೋಗೋಕೆ ಬಿಡ್ಲಿಲ್ಲ ನಾನು. ಇನ್ನು ಹೋಗ್ಲಿ."

"ನಾನು... ನಿಮಗೆ ಬೇರೆ ಯಾರೋ ಇದ್ದಾರೆ ಅಂದ್ಕೊಂಡಿದ್ದೆ."

"ಬೇಜಾರಾಯ್ತಾ?"

"ಕೆಲಸ ಬಿಟ್ಟು ಹೋಗೋವಷ್ಟು!"

ಅವನು ನಗಲು ಹೋಗಿ ಸೋತ. "ಹೋಗ್ಬೇಡಿ. ಕೆಲಸಕ್ಕಲ್ಲ... ನನಗೆ ನೀವು ಬೇಕು."

"ಹೋಗಲ್ಲ," ಎಂದಳು, ಕಣ್ಣು ತುಂಬಿ.

"ಅಕ್ಕ ಹೋದಾಗ್ಲೂ ಅತ್ತಿರ್ಲಿಲ್ಲ," ಎಂದ ಅವನು. " ಈಗ ಅಳ್ಬೇಕು ಅನ್ಸ್ತಿದೆ."

"ಅಳಿ. ಬಾಗಿಲು ಹಾಕ್ತೀನಿ."

"ಹೊರಗೆ ಹೋಗ್ತೀರಾ?"

"ಇಲ್ಲ," ಎಂದು ಅವಳು ಚಿಲಕಕ್ಕೆ ಕೈಯಿಟ್ಟಳು, "ಒಳಗಿಂದ ಹಾಕ್ತೀನಿ."