ಒಂದು ಗೆರೆ ಜಾರಿದ ಅಂಕಿಗಳು

ಹನ್ನೊಂದಕ್ಕೆ ಸಾಹೇಬರ ಮೀಟಿಂಗ್. ಉಳಿದಿದ್ದು ಹತ್ತೇ ನಿಮಿಷ. ಪರದೆಯ ಮೇಲಿನ ಗ್ರಾಫ್ ನೋಡಿ ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

ಹೆರಿಗೆ ಆಸ್ಪತ್ರೆಯ ನೀರಿನ ಟ್ಯಾಂಕಿನ ಚುಕ್ಕಿ ನಾನೂರರ ಹತ್ತಿರ ಕೂತಿತ್ತು. ನೂರು ದಾಟಿದರೆ ಟ್ಯಾಂಕಿಗೆ ಬೀಗ. ಆದರೆ ಲ್ಯಾಬಿನಲ್ಲಿ ಆ ನೀರಿನ ಬ್ಯಾಕ್ಟೀರಿಯಾ ಎಣಿಸಿದವಳು ಅವಳೇ. ಮೂರು ಸಲ ಎಣಿಸಿದಾಗಲೂ ನಲವತ್ತೇ ಬಂದಿತ್ತು.

"ಗ್ರಾಫ್ ಸಾಹೇಬ್ರೇ, ಸ್ವಲ್ಪ ಬನ್ನಿ ಇಲ್ಲಿ."

ಪ್ರೋಗ್ರಾಂ ಬರೆದು ಗ್ರಾಫ್ ಬಿಡಿಸುವ ಅವನು ಆಫೀಸಿಗೆಲ್ಲ ಗ್ರಾಫಣ್ಣ. 'ಅಣ್ಣ' ಅನ್ನುವುದನ್ನು ಮೂರು ವರ್ಷದಿಂದ ಜಾಣತನದಿಂದ ತಪ್ಪಿಸಿಕೊಂಡು ಬಂದವಳು ಇವಳೊಬ್ಬಳೇ.

"ನಾನು ಕೊಟ್ಟ ಲೆಕ್ಕ ಮುಟ್ಟಿದ್ರಾ?"

"ಇಲ್ಲಪ್ಪ. ಗ್ರಾಫಿನ ಪಕ್ಕದ ಅಳತೆ ಗೆರೆಗಳ ಅಂಕಿ ಮಾತ್ರ ಬದಲಾಯಿಸಿದೆ. ಹತ್ತರ ತಲೆ ಮೇಲೆ ಪುಟ್ಟ ಎರಡು ಕೂತಿದ್ರೆ ಯಾರಿಗೆ ಅರ್ಥ ಆಗುತ್ತೆ ಅಂತ ನಿನ್ನೆ ನೀವೇ ಬೈದ್ರಲ್ಲ. ಒಂದು, ಹತ್ತು, ನೂರು, ಸಾವಿರ ಅಂತ ಪ್ರೋಗ್ರಾಂಗೆ ಕೈಯಾರೆ ಪಟ್ಟಿ ಬರೆದುಕೊಟ್ಟೆ."

ಅವನು ಅವಳ ಕುರ್ಚಿಯ ಪಕ್ಕ ಬಗ್ಗಿದ. ಉಸಿರು ಭುಜಕ್ಕೆ ತಾಗಿತು. ಅವಳು ಸರಿಯಲಿಲ್ಲ.

"ಅಯ್ಯೋ," ಎಂದ ಮೆಲ್ಲಗೆ. "ಕೆಳಗೆ ಕಣ್ಣಿಗೆ ಕಾಣದ ಗೆರೆ ಇನ್ನೊಂದಿದೆ. ಮೊದಲನೇ ಅಂಕಿ ಅದರ ಪಾಲಾಗಿದೆ. ಒಂದು ಇರಬೇಕಾದಲ್ಲಿ ಹತ್ತು, ಹತ್ತು ಇರಬೇಕಾದಲ್ಲಿ ನೂರು. ಎಲ್ಲ ಹತ್ತು ಪಟ್ಟು ಜಾಸ್ತಿ."

"ಈ ಗ್ರಾಫಿನಡಿ ಇರೋದು ನನ್ನ ಸಹಿ, ಅವಸರದಲ್ಲಿ ಅಂಕಿ ನೋಡದೇ ಹಾಕ್ಬಿಟ್ಟೆ. ಬೆಳಗ್ಗೆಯೇ ಎಂಜಿನಿಯರಿಗೆ ಹೋಗಿದೆ." ಅವಳು ಗಡಿಯಾರ ನೋಡಿದಳು. "ಈ ತಿಂಗಳು ಕೆಲಸ ಕಾಯಂ ಆಗ್ಬೇಕಿತ್ತು ನನಗೆ."

ಅವನು ಕೀಬೋರ್ಡ್ ಎಳೆದುಕೊಂಡ. ಪಟ್ಟಿಯನ್ನು ಅಳಿಸಿ, ಪ್ರತಿ ಗೆರೆಯೂ ತನ್ನ ಬೆಲೆಯನ್ನು ತಾನೇ ಬರೆದುಕೊಳ್ಳುವಂತೆ ಎರಡು ಸಾಲು ಬರೆದ. ಚುಕ್ಕಿ ಕದಲಲಿಲ್ಲ. ಪಕ್ಕದ ಅಂಕಿಗಳಷ್ಟೇ ಬದಲಾಗಿ ನಾನೂರು ನಲವತ್ತಾಯಿತು. ಆಮೇಲೆ ಎಂಜಿನಿಯರಿಗೆ ಫೋನ್ ಮಾಡಿದ.

"ಸರ್, ಬೆಳಗಿನ ಗ್ರಾಫ್ ತಪ್ಪು. ತಪ್ಪು ಮಾಡಿದ್ದು ನಾನು, ಲ್ಯಾಬ್ ಮೇಡಂ ಎಣಿಕೆ ಸರಿಯಾಗೇ ಇದೆ. ಟ್ಯಾಂಕಿಗೆ ಬೀಗ ಹಾಕಿಸ್ಬೇಡಿ."

ಆ ಕಡೆಯ ಬೈಗುಳ ಅವಳಿಗೂ ಕೇಳಿಸಿತು. ಅವನು ಹೂಂಗುಟ್ಟುತ್ತಲೇ ನಿಂತಿದ್ದ. "ಹೂಂ ಸರ್. ಮೀಟಿಂಗಲ್ಲೂ ಎಲ್ಲರ ಮುಂದೆ ನಾನೇ ಹೇಳ್ತೀನಿ."

ಫೋನ್ ಇಟ್ಟ ಮೇಲೆ ಅವಳು ಕೇಳಿದಳು, "ಸುಮ್ನಿದ್ದಿದ್ರೆ ನನ್ನ ತಲೆಗೆ ಬರ್ತಿತ್ತು. ಯಾಕೆ ಮೈಮೇಲೆ ಎಳ್ಕೊಂಡ್ರಿ?"

"ಎಳ್ಕೊಳ್ಳೋದೇನು, ನಂದೇ ಅಲ್ವಾ?" ಬಾಗಿಲ ಹಿಡಿಯ ಮೇಲೆ ಅವನ ಕೈ ನಿಂತಿತು. "ಗ್ರಾಫಲ್ಲಿ ಹತ್ತು ಪಟ್ಟು ಜಾಸ್ತಿ ತೋರಿಸ್ಬಿಟ್ಟೆ. ಮನಸಲ್ಲಿರೋದನ್ನ ಮಾತ್ರ ಹತ್ತರಲ್ಲೊಂದು ಪಾಲೂ ನಿಮಗೆ ತೋರಿಸಿಲ್ಲ."

ಅವಳು ಸರಿಪಡಿಸಿದ ಗ್ರಾಫಿನ ಹೊಸ ಹಾಳೆಗೆ ಸಹಿ ಹಾಕಿ ಅವನ ಕೈಗಿತ್ತಳು. ತಾಗಿದ ಬೆರಳುಗಳನ್ನು ಇಬ್ಬರೂ ಬೇಗ ಹಿಂದಕ್ಕೆ ತೆಗೆಯಲಿಲ್ಲ.

"ಬೈಸಿಕೊಂಡು ಬೇಗ ಬಾ," ಎಂದಳು. "ಉಳಿದ ಒಂಬತ್ತು ಪಾಲು ಕೇಳ್ಬೇಕು ನಾನು."

ಬನ್ನಿ ಅಲ್ಲ, ಬಾ. ಬೈಸಿಕೊಳ್ಳಲು ಹೊರಟವನು ನಗುತ್ತಲೇ ಹೋದ.