ಒರೆಸದೆ ಬಿಟ್ಟ ಅಂಟು

"ಕೆರೀಬ್ಯಾಡ್ರಿ! ಬಣ್ಣ ಹೋಗ್ತದ!"

ಅಂಬಾಸಿಡರ್ ಬಾನೆಟ್ಟಿಗೆ ಚಾಕು ಹಚ್ಚಿದ್ದ ಡ್ರೈವರ್ ಈರಯ್ಯ ಬೆಚ್ಚಿ ತಿರುಗಿದ. ಬಾಗಿಲಲ್ಲಿ ಬಸವಂತಮ್ಮ ನಿಂತಿದ್ದಳು. ರೇಡಿಯೇಟರಿಗೆ ನೀರು ಕೇಳಲು ಗಬ್ಬೂರಿನ ಅವಳ ಮನೆ ಮುಂದೆ, ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿದ್ದ. ಕೊಂಬೆ ಕಡಿದ ಕಡೆಯಿಂದ ಅಂಟು ತೊಟ್ಟಿಕ್ಕಿ ಕರಿ ಬಣ್ಣದ ಮೇಲೆ ಗಟ್ಟಿಯಾಗಿ ಕೂತಿತ್ತು.

ಅವಳೇ ಬಂದಳು. ಬಿಸಿನೀರಲ್ಲಿ ಅದ್ದಿದ ಅರಿವೆಯನ್ನು ಅಂಟಿನ ಮೇಲೆ ಹೊದಿಸಿ, ನೆನೆದ ಮೇಲೆ ಬೆರಳಿಂದ ಶೇಂಗಾ ಎಣ್ಣೆ ಸವರಿ, ಮೆತ್ತಗೆ ಒರೆಸಿದಳು. ತಂಗಿಯ ಕೂದಲಿಗೆ ಅಂಟು ಹತ್ತಿದಾಗ ಅವ್ವ ಹೀಗೇ ಬಿಡಿಸಿದ್ದಳಂತೆ. ಬಣ್ಣಕ್ಕೆ ಒಂದು ಗೆರೆಯೂ ಬೀಳಲಿಲ್ಲ.

ಆಮೇಲೆ ನೋಡಿ, ಗಬ್ಬೂರು ಬಂದರೆ ಸಾಕು, ಆ ಗಾಡಿಯ ರೇಡಿಯೇಟರ್ ತಪ್ಪದೆ ಕಾಯತೊಡಗಿತು!

ಮಾಲೀಕರು ರಾಯಚೂರಿನ ರೈಸ್ ಮಿಲ್ಲಿನ ಸಾಹುಕಾರ ಮರಿಸ್ವಾಮಿ. ಅವರನ್ನು ದೇವದುರ್ಗದಲ್ಲಿ ಇಳಿಸಿ ಖಾಲಿ ಗಾಡಿ ತರುವಾಗ ದಾರಿಯಲ್ಲಿ ಎಲ್ಲೂ ನಿಲ್ಲಿಸಬಾರದೆಂದು ಕಟ್ಟಪ್ಪಣೆ. ಈರಯ್ಯ ನಿಲ್ಲಿಸುತ್ತಿದ್ದ, ಹೊರಡುವ ಮೊದಲು ಅಂಟಿನ ಒಂದು ಹನಿಯೂ ಉಳಿಯದಂತೆ ಒರೆಸುತ್ತಿದ್ದ. ಎಣ್ಣೆ ಬಟ್ಟಲು ಹಿಡಿದು ನಿಲ್ಲುವ ಬಸವಂತಮ್ಮನಿಗೆ ಮೊದಮೊದಲು ಅದೂ ಚೆಂದವೇ ಕಂಡಿತ್ತು.

ಅಷ್ಟರಲ್ಲಿ ಮಾನ್ವಿಯ ಸಂಬಂಧ ಬಂತು. ಬರುವ ಸೋಮವಾರ ಅಪ್ಪ ಅವರಿಗೆ ಮಾತು ಕೊಡುವವನಿದ್ದ.

ಅವಳು ಅದನ್ನು ಈರಯ್ಯನಿಗೆ ಹೇಳಿದಳು. ಅವನು ಕೇಳಿದ. ಕೇಳಿ... ಮತ್ತೆ ಅರಿವೆ ಎತ್ತಿಕೊಂಡು ಒರೆಸತೊಡಗಿದ! ಅವಳು ಅರಿವೆಯ ತುದಿ ಹಿಡಿದು ಎಳೆದಳು.

"ನಮ್ಮ ಮನಿ ಮುಂದ ನಿಂತಿದ್ದು ಯಾರಿಗೂ ಗೊತ್ತಾಗಬಾರ್ದು, ಅದಕ್ಕ ಒರಸಾಕತ್ತೀರಿ, ಹೌದಿಲ್ಲೋ? ನೀವು ಒರಸಾಕತ್ತಿದ್ದು ಅಂಟಲ್ರೀ... ನನ್ನ."

"ಸಾಹುಕಾರ್ರು ಕೆಲಸಾ ಬಿಡಿಸಿದ್ರ ನಿಮ್ಮಪ್ಪ ನನಗ ಹೆಣ್ಣು ಕೊಡ್ತಾನೇನು?"

ಅವಳು ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಗಾಡಿ ಹೋದ ಸದ್ದು ಕೇಳಿ ಗೋಡೆಗೆ ಒರಗಿ ಅತ್ತಳು.

ಅಲ್ಲಿಂದ ಕೂತಲ್ಲಿ ಕೂಡಲಾರಳು, ನಿಂತಲ್ಲಿ ನಿಲ್ಲಲಾರಳು. ಹಾರನ್ ಕೇಳಿದರೆ ಬಾಗಿಲಿಗೆ ಓಡುವಳು. ನೋಡಿದರೆ ದೇವದುರ್ಗದ ಬಸ್ಸು. ಸಾರಿಗೆ ಉಪ್ಪು ಎರಡೆರಡು ಸಲ ಬಿತ್ತು, ಅವ್ವ ಬೈದಳು. 'ಬರದಿದ್ರ ಬಿಡ್ಲಿ, ನನಗೇನು...' ಅಂದುಕೊಂಡು ಮತ್ತೆ ಅದೇ ಬಾಗಿಲಿಗೆ ಬರುವಳು. ಇಂಥ ಹುಡುಗಿಗೆ ಬುದ್ಧಿ ಹೇಳುವವರು ಯಾರು?

ಸೋಮವಾರ ಬೆಳಿಗ್ಗೆ, ಮಾನ್ವಿಯವರಿಗಿಂತ ಮೊದಲೇ ಕರಿ ಗಾಡಿ ಬಂದು ಬೇವಿನ ಕೆಳಗೇ ನಿಂತಿತು. ಬಾನೆಟ್ಟಿನ ಮೇಲೆ ಹಳೆಯ ಅಂಟು ಒಣಗಿ, ಧೂಳು ಹಿಡಿದು ಹಾಗೇ ಇತ್ತು. ಹಿಂದಿನ ಸೀಟಿನಿಂದ ಈರಯ್ಯನ ತಾಯಿ ವೀರಭದ್ರಮ್ಮ ಎಲೆ ಅಡಿಕೆ, ಸಕ್ಕರೆ ಹಿಡಿದು ಇಳಿದರು, ನೇರ ಒಳಗೆ ಹೋಗಿ ಅಪ್ಪನೊಡನೆ ಮಾತಿಗೆ ಕೂತರು.

ಬಸವಂತಮ್ಮ ಗಾಡಿಯ ಹತ್ತಿರ ಬಂದಳು. ಒಣಗಿದ ಅಂಟನ್ನು ಬೆರಳಿಂದ ಮುಟ್ಟಿ, ಯಾಕೆ ಒರೆಸಿಲ್ಲವೆಂದು ಕೇಳಿದಳು.

ಅವತ್ತು ಅರ್ಧಕ್ಕೇ ಬಿಟ್ಟ ಈರಯ್ಯ ಮತ್ತೆ ಅರಿವೆ ಮುಟ್ಟಿರಲಿಲ್ಲ. ಸಾಹುಕಾರರು ಅಂಟು ಕಂಡು, ಗಾಡಿ ಎಲ್ಲಿ ನಿಲ್ಲಿಸಿದ್ದೆ ಎಂದು ಗದರಿದ್ದರು.

"ನಾ ಲಗ್ನಾ ಆಗೋ ಹುಡುಗಿ ಮನಿ ಮುಂದ ಅಂದೆ."

"ಏನಂದ್ರು?"

"ಬಾಯಿಗೆ ಬಂದಂಗ ಬೈದ್ರು. ಇನ್ನ ಕಾರು ಮುಟ್ಟಬ್ಯಾಡ, ಲಾರಿ ಹೊಡಿ ಅಂದ್ರು. ಆಮ್ಯಾಲ... ಸೋಮವಾರ ಒಂದಿನ ಒಯ್ಯಿ, ಕಳ್ಳರಂಗ ನಿಲ್ಲಬ್ಯಾಡ, ನಿಮ್ಮವ್ವನ್ನ ಕರಕೊಂಡು ಹೋಗು ಅಂದ್ರು."

ಒಳಗಿನಿಂದ ಅಪ್ಪ ಕೂಗಿದ. ಲಾರಿಯಾದರೂ ಕೆಲಸ ಉಳಿದಿದೆಯಲ್ಲ, ಹುಡುಗ ಒಪ್ಪಿಗೆಯಂತೆ. ಮಾನ್ವಿಯವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಿಸುತ್ತಾನಂತೆ, ಬೀಗರಿಗೆ ಚಹಾ ಇಡಬೇಕಂತೆ. ಅವಳು ಒಳಗೆ ಓಡಿದಳು. ಚಹಾಕ್ಕೆ ನೀರಿಟ್ಟು, ಕಣ್ಣೊರೆಸಿಕೊಂಡು, ಎಣ್ಣೆ ಬಟ್ಟಲಿನೊಂದಿಗೇ ಹೊರಗೆ ಬಂದಳು.

ಈರಯ್ಯ ನಗುತ್ತಾ ಕೈ ಚಾಚಿದ.

"ಈಗ ಒರಸ್ಲೇನು?"

"ಒರಸ್ರಿ. ಈಗ ಎಲ್ಲಾರಿಗೂ ಗೊತ್ತಾಗೇದಲ್ಲ."