ಯಂತ್ರ ಕೇಳಿದ ತಾರೀಖು

ಬಾವಿಯ ಕಟ್ಟೆಯ ಮೇಲೆ ಒಂದೇ ಒಂದು ಚಪ್ಪಲಿ ಇತ್ತು. ಮುದ್ದಮ್ಮ ಕೊಡ ಕೆಳಗಿಟ್ಟು ಒಳಗೆ ಇಣುಕಿದಳು. ಮೇ ತಿಂಗಳಾದ್ದರಿಂದ ನೀರು ಸೊಂಟದ ಮಟ್ಟಕ್ಕೆ ಇಳಿದಿತ್ತು. ಕೆಳಗಿನ ಕಲ್ಲಿಗೆ ತಲೆ ಬಡಿದು ಬಿದ್ದಿದ್ದ ಯುವಕನ ನೀಲಿ ಅಂಗಿಯನ್ನು ಅವಳು ಕೂಡಲೇ ಗುರುತು ಹಿಡಿದಳು. ಒಂದು ವಾರದಿಂದ ಅವನಿಗೆ ಊಟ ಬಡಿಸುತ್ತಿದ್ದವಳು ಅವಳೇ.

ಹಳೇಬೀಡಿನ ಬಸದಿಗಳ ಹಿಂದಿನ ಬೀದಿಯಲ್ಲಿ ಓಲೆಗರಿ ಗ್ರಂಥಗಳ ಭಂಡಾರವೊಂದಿತ್ತು. ಅದರ ಹಿತ್ತಲಿನ ಬಾವಿ ಅದು. ಸತ್ತವನು ಧರ್ಮಪಾಲ, ಬೆಂಗಳೂರಿನಿಂದ ಬಂದಿದ್ದ ಕಂಪ್ಯೂಟರ್ ಎಂಜಿನಿಯರ್. ೧೯೮೮ನೇ ಇಸವಿ, ಮೇ ಒಂಬತ್ತು, ಸೋಮವಾರ ಸಂಜೆ ಐದೂವರೆ.

ಒಳಗಿನ ಕೋಣೆಯಲ್ಲಿ ಕಂಪ್ಯೂಟರ್ ಚಾಲೂ ಆಗಿಯೇ ಇತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. 412 ಓಲೆಗರಿ ಕಟ್ಟುಗಳ ಪಟ್ಟಿ ನನ್ನ ತಪ್ಪಿನಿಂದ ಅಳಿಸಿಹೋಯಿತು, ಭಂಡಾರದ ಸಮಿತಿಗೆ ಮುಖ ತೋರಿಸಲಾರೆ, ಯಾರೂ ಹೊಣೆಯಲ್ಲ ಎಂದು ಅದರಲ್ಲಿತ್ತು.

* * *

ಮರುದಿನ ಬೆಳಗ್ಗೆ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅನುಸೂಯಮ್ಮ ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲು ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಆ ಕಡೆ ಕಾಂಚನಮಾಲಾ. ಅನುಸೂಯಮ್ಮನವರ ಶಿಷ್ಯೆ, ಈಗ ಆ ಭಂಡಾರದಲ್ಲಿ ಟೈಪಿಸ್ಟ್. ಹುಡುಗಿ ಬಿಕ್ಕುತ್ತಿದ್ದಳು. ಧರ್ಮಪಾಲ ಸತ್ತ ಎಂಬ ಮಾತು ಅನುಸೂಯಮ್ಮನವರ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ಎಂಟು ದಿನದ ಹಿಂದೆ ಅವನು ಇದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿದಿದ್ದ. ಮುಂದಿನ ತಿಂಗಳು ನಿಮಗೂ ಒಂದು ಕಂಪ್ಯೂಟರ್ ಕೂರಿಸಿಕೊಡ್ತೀನಿ ಮೇಡಂ ಎಂದು ನಕ್ಕಿದ್ದ.

ಅನುಸೂಯಮ್ಮ ಐವತ್ತು ದಾಟಿದ ಮೇಲೂ ಬೆಂಗಳೂರಿಗೆ ಹೋಗಿ ಎರಡು ತಿಂಗಳ ಕಂಪ್ಯೂಟರ್ ತರಬೇತಿ ಮುಗಿಸಿದ್ದರು. ಅಳಿಸಿಹೋದ ಪಟ್ಟಿಯನ್ನು ವಾಪಸು ತರಲು ಸಾಧ್ಯವೇ ನೋಡಿ ಎಂಬುದು ಕಾಂಚನಮಾಲಾ ಫೋನಿನಲ್ಲಿ ತಿಳಿಸಿದ ಪೊಲೀಸರ ಕೋರಿಕೆಯಾಗಿತ್ತು. ಒಂಬತ್ತರ ಬಸ್ಸು ಹಿಡಿದರು.

ಭಂಡಾರದ ಬಾಗಿಲಲ್ಲಿ ಕಾರ್ಯದರ್ಶಿ ನೇಮಿರಾಜ ಎದುರಾದರು. ಅರವತ್ತೆರಡು ವಯಸ್ಸು, ಬಿಳಿ ಜುಬ್ಬ. ಅನುಸೂಯಮ್ಮನವರ ಗಂಡನಿಗೆ ಒಡನಾಡಿಯಾಗಿದ್ದವರು. ಗಂಡ ಹೋದ ಮೇಲೆ, ಟೈಪಿಂಗ್ ಕಲಿಸಿ ಬದುಕು ಎಂದು ಧೈರ್ಯ ಹೇಳಿದವರು. ಅವರ ಕಣ್ಣು ಕೆಂಪಾಗಿತ್ತು. ಹುಡುಗನನ್ನು ನಾನೇ ಕರೆಸಿ ನಾನೇ ಕಳಕೊಂಡೆ ತಂಗಿ, ಎಂದಷ್ಟೇ ಹೇಳಿ ಒಳಗೆ ಕರೆದೊಯ್ದರು.

ಸಬ್ ಇನ್‌ಸ್ಪೆಕ್ಟರ್ ಸಿದ್ದಬಸಪ್ಪ ಕೇಸು ಮುಗಿಸುವ ಅವಸರದಲ್ಲಿದ್ದರು. ಅವರ ಲೆಕ್ಕ ನೇರವಾಗಿತ್ತು. ಕಂಪ್ಯೂಟರ್ ಪ್ರತಿ ಫೈಲಿನ ಪಕ್ಕದಲ್ಲೂ ಅದು ಹುಟ್ಟಿದ ತಾರೀಖು, ಹೊತ್ತು ಬರೆದಿಡುತ್ತದೆ. ಆ ಪತ್ರದ ಪಕ್ಕದಲ್ಲಿ 9-05-88 ಎಂದಿತ್ತು. ಹೊತ್ತು 3:52, ಎದುರಿಗೆ ಬೆಳಗಿನ ಜಾವ ಎಂಬುದಕ್ಕೆ 'ಎ' ಅಕ್ಷರ. ಸೋಮವಾರ ಬೆಳಗಿನ ಜಾವ ಕಟ್ಟಡದೊಳಗೆ ಅಗುಳಿ ಹಾಕಿಕೊಂಡು ಮಲಗಿದ್ದವನು ಧರ್ಮಪಾಲ ಒಬ್ಬನೇ. ಅಂದಮೇಲೆ ಬರೆದವನು ಅವನೇ.

"ಆತ್ಮಹತ್ಯೆ ಅಂತ ಬರೀತಿದ್ದೀನಿ ಮೇಡಂ," ಎಂದರು ಸಿದ್ದಬಸಪ್ಪ. "ಅವರ ತಾಯಿ ಅರೇಹಳ್ಳಿಯಿಂದ ಬರ್ತಾ ಇದ್ದಾರೆ. ಅವರಿಗೆ ಏನು ಹೇಳ್ಬೇಕೋ ತಿಳೀತಿಲ್ಲ."

ಬಾಗಿಲ ಬಳಿ ನಿಂತಿದ್ದ ಮುದ್ದಮ್ಮ ತಲೆ ಅಲ್ಲಾಡಿಸಿದಳು. "ಸಾಯೋನು ಮಧ್ಯಾಹ್ನ ಎರಡು ಮುದ್ದೆ ಉಂಡು, ನಾಳೆಗೆ ಬಸ್ಸಾರು ಮಾಡವ್ವ ಅಂತಾನಾ ಸ್ವಾಮಿ? ಇದ್ರಾಗೆ ಏನೋ ಐತೆ."

* * *

ಅನುಸೂಯಮ್ಮ ಮೊದಲು ಧರ್ಮಪಾಲನ ಚೀಲ ತೆರೆಸಿದರು. ಎರಡು ಅಂಗಿ, ಒಂದು ಸ್ಕ್ರೂಡ್ರೈವರ್, ತಾಯಿಗೆ ಕೊಂಡಿದ್ದ ಸೀರೆ. ಸೀರೆಯ ಮಡಿಕೆಯೊಳಗೆ ಕಾಗದದ ಲಕೋಟೆಯಲ್ಲಿ ಒಂದು ಫ್ಲಾಪಿ. ಆ ಕಾಲದಲ್ಲಿ ಕಂಪ್ಯೂಟರಿನಿಂದ ಪ್ರತಿ ತೆಗೆದಿಡುತ್ತಿದ್ದ ತೆಳ್ಳನೆಯ ಚೌಕ ತಟ್ಟೆ ಅದು.

ಯಂತ್ರ ಹಾಕಿದರು. ಅದು ಕಣ್ಣು ಬಿಡುತ್ತಲೇ ಇವತ್ತಿನ ತಾರೀಖು ಏನು ಎಂದು ಕೇಳಿತು. ಆಮೇಲೆ ಗಂಟೆ ಎಷ್ಟು ಎಂದು ಕೇಳಿತು. ಒಳಗೆ ಗಡಿಯಾರವಿಲ್ಲದ ಅಗ್ಗದ ಯಂತ್ರ. ಕರೆಂಟು ಹೋಗಿ ಬಂದಾಗಲೆಲ್ಲ ಅದಕ್ಕೆ ಎಲ್ಲ ಮರೆತುಹೋಗುತ್ತದೆ. ಕೂತವರು ಏನು ಹೇಳುತ್ತಾರೋ ಅದನ್ನೇ ನಂಬುತ್ತದೆ.

ಫ್ಲಾಪಿಯಲ್ಲಿ ಪಟ್ಟಿ ಇತ್ತು. 412 ಕಟ್ಟುಗಳೂ ಇದ್ದವು. ಕಾಂಚನಮಾಲಾ ನಿಟ್ಟುಸಿರು ಬಿಟ್ಟಳು. ಅನುಸೂಯಮ್ಮ ಮಾತ್ರ ಪಟ್ಟಿಯ ಪಕ್ಕದ ತಾರೀಖನ್ನೇ ನೋಡುತ್ತಾ ಕೂತರು. ಅಲ್ಲಿ 5-09-88 ಎಂದಿತ್ತು. ಹೊತ್ತು, ಮಧ್ಯಾಹ್ನ 12:48.

ಎರಡೂ ಒಂದೇ ದಿನದ ಫೈಲುಗಳು. ಒಂದರಲ್ಲಿ ಐದು ಮುಂದೆ, ಇನ್ನೊಂದರಲ್ಲಿ ಒಂಬತ್ತು ಮುಂದೆ.

ಅನುಸೂಯಮ್ಮ ಕುರ್ಚಿ ಬಿಟ್ಟು ಎದ್ದರು. ಸಿದ್ದಬಸಪ್ಪನವರನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ಬಿಡಿಸಿ ಹೇಳಿದರು. ಈ ಯಂತ್ರವನ್ನು ನಡೆಸುವ ಮೂಲ ಕಾರ್ಯಕ್ರಮಕ್ಕೆ ಡಾಸ್ ಎಂದು ಹೆಸರು. ಅದು ಅಮೆರಿಕದವರು ಮಾಡಿದ್ದು. ಅವರು ತಿಂಗಳನ್ನು ಮೊದಲು ಬರೆಯುತ್ತಾರೆ, ದಿನವನ್ನು ಆಮೇಲೆ. ಮೇ ಒಂಬತ್ತು ಅದರ ಕಣ್ಣಿಗೆ 5-09. ಧರ್ಮಪಾಲ ಹಾಗೆಯೇ ಕೊಟ್ಟಿದ್ದಾನೆ. ಪತ್ರ ಬರೆದವರು ನಮ್ಮ ಪದ್ಧತಿಯಂತೆ ದಿನವನ್ನು ಮೊದಲು ಕೊಟ್ಟಿದ್ದಾರೆ. ಯಂತ್ರ ಅದನ್ನು ಸೆಪ್ಟೆಂಬರ್ ಐದು ಎಂದು ತಿಳಿದು ಸುಮ್ಮನೆ ಒಪ್ಪಿಕೊಂಡಿದೆ. ನಮ್ಮ ಕಣ್ಣಿಗೆ ಅದು ಸರಿಯಾಗಿ ಕಂಡಿತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

"ಮತ್ತೆ ಬೆಳಗಿನ ಜಾವ ಅನ್ನೋದು?"

"ಅದೂ ಹಾಗೇ. ಇದಕ್ಕೆ ಮಧ್ಯಾಹ್ನ ಮೂರು ಅಂತ ತಿಳಿಸ್ಬೇಕಾದ್ರೆ ಹದಿನೈದು ಅಂತ ಹೊಡೀಬೇಕು. ಬರೀ ಮೂರು ಅಂತ ಹೊಡೆದ್ರೆ ಬೆಳಗಿನ ಜಾವ ಅಂದ್ಕೊಳ್ಳುತ್ತೆ. ನಿನ್ನೆ ಕರೆಂಟು ಎಷ್ಟೊತ್ತಿಗೆ ಹೋಗಿತ್ತು?"

ಒಂದಕ್ಕೆ ಹೋಗಿ ಮೂರೂವರೆಗೆ ಬಂತು ಎಂದಳು ಮುದ್ದಮ್ಮ.

ಸಿದ್ದಬಸಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಕರೆಂಟು ಬಂದ ಮೇಲೆ, ಹಾಡಹಗಲಲ್ಲಿ, ಧರ್ಮಪಾಲನಲ್ಲದ ಯಾರೋ ಈ ಕುರ್ಚಿಯ ಮೇಲೆ ಕೂತು ಅವನ ಸಾವಿನ ಪತ್ರ ಬರೆದಿದ್ದರು.

* * *

ಮೊದಲ ಅನುಮಾನ ಅನಂತನಾಥನ ಮೇಲೆ ಹೋಯಿತು. ಅವನು ಊರಿನ ವ್ಯಾಪಾರಿ, ಭಂಡಾರದ ಸಮಿತಿಯ ಸದಸ್ಯ. ಶಾಸ್ತ್ರಗ್ರಂಥಗಳ ಪಕ್ಕದಲ್ಲಿ ಯಂತ್ರ ಬೇಡವೆಂದು ಸೋಮವಾರ ಬೆಳಗ್ಗೆಯೇ ಧರ್ಮಪಾಲನ ಜೊತೆ ಜಗಳ ಕಾದಿದ್ದ. ಸಿದ್ದಬಸಪ್ಪ ಜೀಪು ಕಳಿಸಿ ಕರೆಸಿದರು. ಆದರೆ ಅವನು ಸೋಮವಾರ ಹನ್ನೊಂದರಿಂದ ಸಂಜೆವರೆಗೂ ಮಾದಿಹಳ್ಳಿಯ ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸುತ್ತಿದ್ದ. ನೂರು ಜನ ನೋಡಿದ್ದರು. ಇಂಗ್ಲಿಷ್ ಅಕ್ಷರವನ್ನಂತೂ ಅವನು ಬಲ್ಲವನಲ್ಲ.

ಸಿದ್ದಬಸಪ್ಪನವರ ಕಣ್ಣು ಕಾಂಚನಮಾಲಾಳ ಕಡೆ ತಿರುಗಿತು. ಧರ್ಮಪಾಲನನ್ನು ಬಿಟ್ಟರೆ ಈ ಯಂತ್ರ ನಡೆಸಲು ಗೊತ್ತಿದ್ದವಳು ಅವಳೊಬ್ಬಳೇ. ಕರೆಂಟು ಹೋದ ಕೂಡಲೇ ಬೇಲೂರಿನ ಅಕ್ಕನ ಮನೆಗೆ ಹೋದೆ, ಆರರ ಬಸ್ಸಿಗೆ ಬಂದೆ ಎಂದಳು. ಆಮೇಲೆ ಏನೋ ನೆನಪಾದವಳಂತೆ ತನ್ನ ನೋಟ್‌ಬುಕ್ ತೆಗೆದು ಅನುಸೂಯಮ್ಮನವರ ಮುಂದಿಟ್ಟಳು. ಮೊದಲ ಪುಟದಲ್ಲೇ ಧರ್ಮಪಾಲ ಹೇಳಿಕೊಟ್ಟಿದ್ದನ್ನು ಬರೆದು ಕೆಂಪು ಗೆರೆ ಎಳೆದಿದ್ದಳು. ತಿಂಗಳು ಮೊದಲು, ದಿನ ಆಮೇಲೆ. ಮಧ್ಯಾಹ್ನ ಒಂದಕ್ಕೆ ಹದಿಮೂರು.

"ಇಷ್ಟು ಗೊತ್ತಿದ್ದೂ ನಿನ್ನೆ ನಂಗೆ ಹೊಳೀಲಿಲ್ಲ ಮೇಡಂ," ಎಂದಳು. "ಭಯದಲ್ಲಿ ಕಣ್ಣೇ ಕಾಣ್ಲಿಲ್ಲ."

ಅನುಸೂಯಮ್ಮ ಪತ್ರವನ್ನು ಪರದೆಗೆ ತರಿಸಿ, ಕನ್ನಡಕ ಸರಿಮಾಡಿಕೊಂಡು ಅಕ್ಷರ ಅಕ್ಷರವಾಗಿ ಓದಿದರು. ಹದಿನಾರು ವರ್ಷ ಮಕ್ಕಳ ಟೈಪಿಂಗ್ ತಿದ್ದಿದ ಕಣ್ಣು. 412 ಎಂಬಲ್ಲಿ ಆ ಕಣ್ಣು ನಿಂತುಬಿಟ್ಟಿತು. ನಡುವೆ ಇರಬೇಕಾಗಿದ್ದ ಒಂದರ ಅಂಕಿ ಒಂದಾಗಿರಲಿಲ್ಲ. ಅದು ಇಂಗ್ಲಿಷಿನ ಸಣ್ಣ 'ಎಲ್' ಅಕ್ಷರ.

ಹಳೆಯ ಟೈಪ್‌ರೈಟರುಗಳಲ್ಲಿ ಒಂದಕ್ಕೆ ಬೇರೆ ಕೀಲಿಯೇ ಇರಲಿಲ್ಲ. ಸಣ್ಣ ಎಲ್ ಹೊಡೆದರೆ ಅದೇ ಒಂದು. ಹಾಗೆ ಕಲಿತ ಬೆರಳು ಸಾಯುವ ತನಕ ಅಲ್ಲಿಗೇ ಹೋಗುತ್ತದೆ. ಅವರ ಇನ್‌ಸ್ಟಿಟ್ಯೂಟಿಗೆ ಒಂದರ ಕೀಲಿಯಿದ್ದ ಯಂತ್ರಗಳು ಬಂದು ಒಂಬತ್ತು ವರ್ಷವಾಗಿತ್ತು. ಕಾಂಚನಮಾಲಾ ಕಲಿತದ್ದು ಅವುಗಳ ಮೇಲೆ.

ಮೂರು ವರ್ಷದ ಹಿಂದೆ ಭಂಡಾರಕ್ಕೆ ಒಬ್ಬ ಒಳ್ಳೆಯ ಟೈಪಿಸ್ಟ್ ಬೇಕೆಂದು ಅನುಸೂಯಮ್ಮನವರಿಗೆ ಒಂದು ಕಾಗದ ಬಂದಿತ್ತು. ಕಳಿಸಿದವರೇ ಕೂತು ಹೊಡೆದ ಕಾಗದ. ಅದರ ಮೇಲಿನ ಇಸವಿಯಲ್ಲಿ ಒಂದರ ಬದಲು ಎಲ್ ಇದ್ದದ್ದನ್ನು ಕಂಡು ಅವರು ಆಗ ನಕ್ಕಿದ್ದರು. ಈಗ ಅದರ ಕೆಳಗಿನ ಸಹಿ ನೆನಪಾಯಿತು.

ಇಲ್ಲ, ಆ ಮನುಷ್ಯನಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಸಿಕ್ಕ ಹುಳುವನ್ನು ಮತ್ತೆ ನೀರಿಗೇ ಬಿಡುವ ಮನುಷ್ಯ ಅವರು. ಆದರೂ ಪಟ್ಟಿಯನ್ನು ಕೆಳಗಿನ ತನಕ ಓದಿಸಿದರು. ಕಟ್ಟುಗಳ ಹೆಸರನ್ನು ಕಾಂಚನಮಾಲಾ ಹಳೆಯ ರಿಜಿಸ್ಟರು ನೋಡಿ ಹೊಡೆದಿದ್ದಳು. ಗರಿಗಳನ್ನು ಬಿಚ್ಚಿ ಎಣಿಸಿ ಪಟ್ಟಿಯ ಕೊನೆಯ ಕಾಲಂ ತುಂಬಿದ್ದವನು ಧರ್ಮಪಾಲ ಒಬ್ಬನೇ. ಮೂವತ್ತೆಂಟು ಕಟ್ಟುಗಳ ಎದುರಿಗೆ ಅವನು ಒಂದೇ ಮಾತು ಬರೆದಿದ್ದ. ಖಾಲಿ.

ಸಿದ್ದಬಸಪ್ಪ ಕಪಾಟು ತೆರೆಸಿ ಮೂರು ಕಟ್ಟು ಬಿಚ್ಚಿಸಿದರು. ರೇಷ್ಮೆ ಬಟ್ಟೆ, ಹಲಗೆ, ದಾರ ಎಲ್ಲ ಸರಿಯಾಗಿತ್ತು. ಒಳಗಿನ ಗರಿಗಳ ಮೇಲೆ ಒಂದೇ ಒಂದು ಅಕ್ಷರವಿರಲಿಲ್ಲ.

* * *

ಮಧ್ಯಾಹ್ನ ಎರಡಕ್ಕೆ ಅನುಸೂಯಮ್ಮ ನೇಮಿರಾಜರನ್ನು ಒಳಗೆ ಕರೆದರು. ಯಂತ್ರವನ್ನು ಆರಿಸಿ ಇಟ್ಟಿದ್ದರು. ಕಪಾಟಿನ ಬಳಿ ನಿಂತು ಏನನ್ನೋ ಹುಡುಕುವವರಂತೆ, ಅದನ್ನು ಸ್ವಲ್ಪ ಹಾಕಿ ತಾರೀಖು ಕೊಡಿ ಅಣ್ಣ, ನನ್ನ ಕೈ ಬಿಡುವಿಲ್ಲ ಎಂದರು. ನೇಮಿರಾಜ ಒಂದು ಗಳಿಗೆ ನಿಂತರು. ಆಮೇಲೆ ಕೂತು ಗುಂಡಿ ಒತ್ತಿದರು. ಯಂತ್ರ ತಾರೀಖು ಕೇಳಿತು. ಅವರು ಹತ್ತೂ ಬೆರಳನ್ನು ಸರಿಯಾದ ಜಾಗದಲ್ಲಿಟ್ಟು ಸರಸರನೆ ಮೇ ಹತ್ತು ಎಂದು ಹೊಡೆದರು.

ತಾರೀಖು ತಪ್ಪು ಎಂದಿತು ಯಂತ್ರ. ಮತ್ತೆ ಹೊಡೆದರು. ಮತ್ತೆ ತಪ್ಪು ಎಂದಿತು.

ಅನುಸೂಯಮ್ಮ ಹಿಂದೆ ಬಂದು ನಿಂತರು. ಪರದೆಯ ಮೇಲೆ ಹತ್ತರ ಜಾಗದಲ್ಲಿ ಒಂದು ಎಲ್, ಪಕ್ಕದಲ್ಲಿ ಸೊನ್ನೆ. ಅಕ್ಷರವನ್ನು ಯಂತ್ರ ಅಂಕಿಯೆಂದು ಒಪ್ಪುವುದಿಲ್ಲ.

"ನಿನ್ನೆ ಒಂಬತ್ತನೇ ತಾರೀಖು, ಐದನೇ ತಿಂಗಳು," ಎಂದರು ಅನುಸೂಯಮ್ಮ. "ಒಂದರ ಅಂಕಿಯೇ ಬರ್ಲಿಲ್ಲ. ಅದಕ್ಕೇ ಯಂತ್ರ ಒಪ್ಕೊಳ್ತು. ಪತ್ರದ ನಾನೂರ ಹನ್ನೆರಡರಲ್ಲಿ ಮಾತ್ರ ಬಂತು, ಎಲ್ ಆಗಿ ಬಂತು, ಅಣ್ಣ."

ನೇಮಿರಾಜ ಕೀಲಿಗಳ ಮೇಲಿಂದ ಕೈ ತೆಗೆಯಲಿಲ್ಲ. ಬಾಗಿಲಿಗೆ ಅಡ್ಡವಾಗಿ ಸಿದ್ದಬಸಪ್ಪ ನಿಂತಿದ್ದರು.

ನೇಮಿರಾಜ ತಾವಾಗಿಯೇ ಹೇಳತೊಡಗಿದರು. ಹನ್ನೊಂದು ವರ್ಷದ ಹಿಂದೆ ಮಳೆಗಾಲದಲ್ಲಿ ಭಂಡಾರದ ಮಾಡು ಸೋರುತ್ತಿದ್ದುದನ್ನು ಅವರು ತಿಂಗಳುಗಟ್ಟಲೆ ನೋಡಿರಲಿಲ್ಲ. ನೋಡಿದಾಗ ಮೂವತ್ತೆಂಟು ಕಟ್ಟು ಕೊಳೆತು ಮುದ್ದೆಯಾಗಿದ್ದವು. ಎಂಟುನೂರು ವರ್ಷ ಉಳಿದು ಬಂದದ್ದು ತಮ್ಮ ಕೈಯಲ್ಲಿ ಹಾಳಾಯಿತೆಂದು ಯಾರಿಗೂ ಹೇಳಲಾಗಲಿಲ್ಲ. ಒಬ್ಬರೇ ಕೊಂಡೊಯ್ದು ಕೆರೆಗೆ ಬಿಟ್ಟರು. ಖಾಲಿ ಗರಿ ಕಟ್ಟಿಸಿ ಅದೇ ಬಟ್ಟೆ ಸುತ್ತಿಟ್ಟರು. ಬಿಚ್ಚಿದರೆ ಗರಿ ಮುರಿಯುತ್ತದೆ ಎಂದು ಬಂದ ವಿದ್ವಾಂಸರನ್ನೆಲ್ಲ ವಾಪಸು ಕಳಿಸಿದರು. ಗ್ರಂಥಗಳನ್ನು ಕಾಪಾಡಿದವರೆಂದು ಊರು ಅವರನ್ನು ಹೊಗಳುತ್ತಲೇ ಬಂತು. ಕಂಪ್ಯೂಟರ್ ತರಿಸಬೇಕೆಂದು ಸಮಿತಿ ನಿರ್ಧರಿಸಿದಾಗ, ಹಳೆಯ ರಿಜಿಸ್ಟರನ್ನೇ ನಕಲು ಮಾಡುತ್ತಾರೆ, ಅಷ್ಟೇ ತಾನೇ ಎಂದುಕೊಂಡಿದ್ದರು. ಆ ಹುಡುಗ ಪ್ರತಿ ಕಟ್ಟನ್ನೂ ಬಿಚ್ಚುತ್ತಾನೆಂದು ಎಣಿಸಿರಲಿಲ್ಲ.

"ಕರೆಂಟು ಇಲ್ದಾಗ ಬಾವಿ ಹತ್ರ ಕೈ ತೊಳೀತಾ ಖಾಲಿ ಕಟ್ಟುಗಳ ವಿಷ್ಯ ಕೇಳ್ದ," ಎಂದರು ನೇಮಿರಾಜ. "ಯಾರೋ ಕದ್ದಿರ್ಬೇಕು ಸಾರ್, ಗುರುವಾರದ ಸಭೇಲಿ ಹೇಳೋಣ ಅಂದ. ನನ್ ಮೇಲೆ ಅವನಿಗೆ ಅನುಮಾನಾನೇ ಇರ್ಲಿಲ್ಲ. ಬೇಡ ಕಣಪ್ಪಾ ಅಂತ ತೋಳು ಹಿಡಿದೆ. ಅವನು ಬಿಡಿಸ್ಕೊಂಡ. ತಳ್ಳಿಬಿಟ್ಟೆ."

"ಆಮೇಲೆ ಯಾರನ್ನಾದ್ರೂ ಕೂಗಿದ್ರಾ?" ಸಿದ್ದಬಸಪ್ಪ ಕೇಳಿದರು.

ನೇಮಿರಾಜ ಇಲ್ಲವೆಂದು ತಲೆಯಾಡಿಸಿದರು. ಕಟ್ಟೆಯ ಮೇಲೆ ಕೂತೇ ಇದ್ದರಂತೆ. ಕರೆಂಟು ಬಂದು ಒಳಗಿನ ಫ್ಯಾನು ತಿರುಗಿದ ಸದ್ದಾಯಿತು. ವಾರವೆಲ್ಲ ಕಾಂಚನಮಾಲಾಳ ಹಿಂದೆ ಕೂತು ನೋಡಿದ್ದರು, ಬೆಳಗ್ಗೆ ಅವಳು ತಾರೀಖು ಕೊಡುವುದನ್ನು ಮಾತ್ರ ಕಂಡಿರಲಿಲ್ಲ. ಪಟ್ಟಿ ಅಳಿಸುವುದು, ನಾಲ್ಕು ಸಾಲು ಹೊಡೆಯುವುದು ಕಷ್ಟವಾಗಲಿಲ್ಲ.

ತಳ್ಳಿದ್ದಕ್ಕಿಂತ, ಯಾರನ್ನೂ ಕೂಗದೆ ಕಟ್ಟೆಯ ಮೇಲೆ ಕೂತಿದ್ದ ಆ ಹೊತ್ತು ಅನುಸೂಯಮ್ಮನವರನ್ನು ನಡುಗಿಸಿತು. ಜೀಪು ಹತ್ತುವ ಮುಂಚೆ ನೇಮಿರಾಜ ಏನೋ ಹೇಳಲು ಅವರತ್ತ ತಿರುಗಿದರು. ಅನುಸೂಯಮ್ಮ ಮುಖ ತಿರುಗಿಸಿಕೊಂಡರು.

* * *

ಧರ್ಮಪಾಲನ ತಾಯಿ ಶೀಲಾವತಿ ನಾಲ್ಕರ ಬಸ್ಸಿಗೆ ಬಂದರು. ಜೊತೆಗೆ ಅಣ್ಣನ ಮಗ. ದಾರಿಯಲ್ಲೇ ಯಾರೋ ಆತ್ಮಹತ್ಯೆ ಎಂಬ ಮಾತನ್ನು ಅವರ ಕಿವಿಗೆ ಹಾಕಿದ್ದರು. ಅಳು ಅಷ್ಟಕ್ಕೇ ನಿಂತುಹೋದಂತಿತ್ತು ಆ ಮುಖ. ಅಂಗಳದಲ್ಲಿ ಗಂಡಸರು ನೆಲ ನೋಡುತ್ತ ನಿಂತರು. ಅನುಸೂಯಮ್ಮ ಹೋಗಿ ಪಕ್ಕದಲ್ಲಿ ಕೂತು ಕೈ ಹಿಡಿದರು.

"ಅವನು ತಾನಾಗಿ ಮಾಡ್ಕೊಳ್ಲಿಲ್ಲಮ್ಮ. ಅವನದು ಒಂದು ತಪ್ಪೂ ಇಲ್ಲ. ಪೊಲೀಸರು ಹಾಗೇ ಬರ್ಕೊಂಡಿದ್ದಾರೆ."

ಶೀಲಾವತಿ ಅವರ ಮುಖವನ್ನೇ ನೋಡಿದರು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಮೇಜಿನ ಮೇಲಿನ ಯಂತ್ರ ಕಾಣುತ್ತಿತ್ತು. ಮಗ ಕೆಲಸ ಮಾಡಿದ್ದು ಅದರಲ್ಲೇನಾ ಎಂದು ಕಣ್ಣಲ್ಲೇ ಕೇಳಿದರು. ಅದರಲ್ಲೇ ಎಂದರು ಅನುಸೂಯಮ್ಮ.

"ಒಪ್ಕೊಂಡ ಕೆಲ್ಸ ಮುಗಿಸಿದ್ನಾ?"

"ಮುಗಿಸಿದ್ದ. ಒಂದನ್ನೂ ಬಿಟ್ಟಿರ್ಲಿಲ್ಲ."

ಆಗ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.